ಜ್ಯಾಖಂಡಗಳೂ ತಾತ್ಕಾಲಿಕ ಗತಿಯೂ

ಆರ್ಯಭಟನು ಕ್ರಿ. ಶ. 499 ರ ಸುಮಾರಿನಲ್ಲಿ ಒಂದೇ ಪದ್ಯದೊಳಗೆ ಇಪ್ಪತ್ತುನಾಲ್ಕು ಸಂಖ್ಯೆಗಳನ್ನು ಅಡಗಿಸಿದನು: 225, 224, 222, 219 ಎಂದು ಮೊದಲಾಗಿ 7 ರವರೆಗೆ. ಇವು ಜ್ಯಾಗಳಲ್ಲ, ಜ್ಯಾಗಳ ಅಂತರಗಳು. ಕೂಡುತ್ತ ಹೋದರೆ ಜ್ಯಾಗಳು ದೊರೆಯುವುವು. ಕಡೆಯ ಮೊತ್ತ 3438, ಅದೇ ತ್ರಿಜ್ಯೆ. ಇಂದಿನ ಗಣಕಯಂತ್ರವು ಫಲನ, ನಿಷ್ಪನ್ನ, ಅನುಕಲಗಳೆಂಬ ಮೂರು ವಕ್ರಗಳನ್ನು ಒಂದೇ ಪಟದಲ್ಲಿ ಎಳೆಯುವಾಗಲೂ ಅಂತರ ತೆಗೆಯುವುದು, ಕೂಡಿಸುವುದು ಎಂಬಿವೇ ಅದರ ಮುಖ್ಯ ಕ್ರಿಯೆಗಳು.

ಆದರೆ ಆ 224 ನ್ನು ಚಾಪದ ಯಾವ ಬಿಂದುವಿನಲ್ಲಿ ಗುರುತಿಸತಕ್ಕದ್ದು? 225 ನ್ನು ಕೋಟಿಜ್ಯೆಯಿಂದ ಗುಣಿಸಿ ತ್ರಿಜ್ಯೆಯಿಂದ ಭಾಗಿಸಿದರೆ, ಎರಡನೆಯ ಖಂಡದ ಆದಿಯಲ್ಲಿ ಸುಮಾರು 224½, ಅಂತ್ಯದಲ್ಲಿ 223, ನಟ್ಟನಡುವೆ 224 ಬರುತ್ತದೆ. ಖಂಡದ ಅಂತರವು ಅದರ ಮಧ್ಯಕ್ಕೆ ಸಲ್ಲುವುದೇ ಹೊರತು ತುದಿಗಲ್ಲ. ಯಂತ್ರದಿಂದ ಪಟ ಬರೆಯುವವರೂ ಇದನ್ನು ಮರೆತರೆ ವಕ್ರವು ಅರ್ಧ ಖಂಡದಷ್ಟು ಸರಿದು ನಿಲ್ಲುವುದು.

ಶಕ 1072 ರಲ್ಲಿ, ಎಂದರೆ ಕ್ರಿ. ಶ. 1150 ರಲ್ಲಿ, ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು ಈ ತ್ರೈರಾಶಿಕದಿಂದಲೇ ಇಷ್ಟಸ್ಥಾನದ ತಾತ್ಕಾಲಿಕ ಭೋಗ್ಯಖಂಡವನ್ನು ಸಾಧಿಸಿದನು. ಗೋಲದ ಮೇಲ್ಮೈಯನ್ನು ನೆಲ್ಲಿಕಾಯಿಯಂತೆ ಸೀಳಿ, ಜ್ಯಾಗಳನ್ನು ಕೂಡಿಸಿ ಅದರ ಕ್ಷೇತ್ರಫಲವನ್ನು ತಿಳಿದವನೂ ಇವನೇ.

ಇದನ್ನು ಕಲನಶಾಸ್ತ್ರವೆನ್ನಬಹುದೆ? ಅಂತರವನ್ನು ಎಣೆಯಿಲ್ಲದೆ ಕಿರಿದುಮಾಡುವ ಸೀಮೆಯ ವಿಚಾರವು ಇಲ್ಲಿಲ್ಲವಾದುದರಿಂದ, ನ್ಯೂಟನ್ನನಿಗೆ ಮುಂಚೆಯೇ ಎಲ್ಲವೂ ನಮ್ಮಲ್ಲಿತ್ತೆಂಬ ಹೆಮ್ಮೆ ಆತುರದ ಮಾತು. ಬರಿಯ ಕೋಷ್ಟಕದ ಕೈಚಳಕವೆಂದು ತಳ್ಳಿಬಿಡುವುದೂ ಒಪ್ಪತಕ್ಕದ್ದಲ್ಲ. ಸ್ಥೂಲಗತಿಯೇ ಬೇರೆ, ಆ ಕ್ಷಣದ ಗತಿಯೇ ಬೇರೆ ಎಂಬುದನ್ನು ಭಾಸ್ಕರನು ಸ್ಪಷ್ಟವಾಗಿ ವಿಂಗಡಿಸಿದ್ದಾನೆ. ಚಂದ್ರನ ಗತಿ ಶೀಘ್ರವಾದುದರಿಂದ ಅಲ್ಲಿ ಈ ಭೇದವನ್ನು ಅವನು ಕಡೆಗಣಿಸುವಂತಿರಲಿಲ್ಲ.