ಕೊಪಣದ ಉಪವಾಸವೂ ಕನ್ನಡಿಯ ಉಪವಾಸವೂ

ಕವಿರಾಜಮಾರ್ಗವು ಕನ್ನಡದ ತಿರುಳ್ನಾಡನ್ನು ಗುರುತಿಸುವಲ್ಲಿ ಹೆಸರಿಸಿರುವ ಕೊಪಣನಗರವೇ ಇಂದಿನ ನಮ್ಮ ಕೊಪ್ಪಳವು. ಜೈನರಿಗೆ ಇದು ಮಹಾತೀರ್ಥವಾಗಿತ್ತು. ಆಹಾರವನ್ನು ಕ್ರಮವಾಗಿ ತ್ಯಜಿಸಿ ದೇಹವಿಟ್ಟವರ ಶಾಸನಗಳು ಇಲ್ಲಿಯ ಬಂಡೆಗಳ ಮೇಲೆ ಉಳಿದಿರುತ್ತವೆ. ಏಕಚಟ್ಟುಗದ ಭಟಾರರ ಶಿಷ್ಯರಾದ ಸರ್ವಣಂದಿ ಭಟಾರರು ಬಹುಕಾಲ ಇಲ್ಲಿ ನೆಲಸಿ, ಊರಿಗೆ ಉಪಕಾರಮಾಡುತ್ತ ತಪಸ್ಸಿನಲ್ಲಿದ್ದು, ಕೊನೆಗೆ ಸಂನ್ಯಸನದಿಂದ ಮುಡಿಪಿದರೆಂದು ಶಕ 803ರ, ಎಂದರೆ ಕ್ರಿ. ಶ. 881ರ ಶಾಸನವು ತಿಳಿಸುತ್ತದೆ. ಆ ವ್ರತಕ್ಕೆ ಗುರುವಿನ ಅನುಮತಿ ಬೇಕು. ಸಂಘವು ಅದಕ್ಕೆ ಸಾಕ್ಷಿ. ಅದರಲ್ಲಿ ದೇಹದ ಮೋಹವನ್ನು ಬಿಡುವದುಂಟು. ದೇಹವು ಚೆಲುವಾಗಿಲ್ಲವೆಂಬ ನಾಚಿಕೆಯಿಲ್ಲ.

ಈಗಿನ ಕಾಲದಲ್ಲಿ ಇನ್ನೊಂದು ಉಪವಾಸವು ಮನೆಗಳನ್ನು ಹೊಕ್ಕಿದೆ. ಅದಕ್ಕೆ ಗುರುವಿಲ್ಲ, ಸಾಕ್ಷಿಯಿಲ್ಲ; ಕನ್ನಡಿಯೊಂದೇ ಅದರ ದೇವರು. ಹರೆಯದ ಮಕ್ಕಳು ತಾವು ದಪ್ಪವಾದೆವೆಂದು ಹೆದರಿ, ಹಸಿವನ್ನು ಬಚ್ಚಿಟ್ಟು, ತಟ್ಟೆಯನ್ನು ದೂಡುವರು. ಇದು ಎಲ್ಲಿಂದ ಬಂದಿತೆಂಬುದು ವಿಚಾರಿಸತಕ್ಕ ಮಾತು.

ತೆಳುಮೈಯ ಹೊಗಳಿಕೆಯು ನಮಗೆ ಹೊಸದಲ್ಲ. ನಮ್ಮ ಹಳೆಯ ಕವಿಗಳು ನಾಯಿಕೆಯ 'ಬಡನಡು'ವನ್ನು ಬಣ್ಣಿಸಿ ದಣಿಯಲಿಲ್ಲ. ಆದರೆ ಕಾವ್ಯದ ಮಾತು ಬೇರೆ, ಅಡಿಗೆಮನೆಯ ಮಾತು ಬೇರೆ. ಕವಿಗೆ ತೆಳುವೆಂದು ತೋರಿದ ಅದೇ 'ಬಡ'ವೆಂಬ ನುಡಿಗೆ ಒಕ್ಕಲಿಗನ ಬಾಯಲ್ಲಿ ಇಲ್ಲದವನೆಂದು ಅರ್ಥವಾಯಿತು. ಕೊಪ್ಪಳ, ಕುಷ್ಟಗಿ, ಯಲಬುರ್ಗಿಗಳು ಮಳೆಯನ್ನು ನಂಬಿದ ಸೀಮೆ. 1876–78ರ ಮಹಾಕ್ಷಾಮದಂಥ ಬರಗಳನ್ನು ಕಂಡ ನಾಡು. ಇಂಥಲ್ಲಿ ತವರಿಗೆ ಬಂದ ಮಗಳನ್ನು ಕಂಡು ತಾಯಿಯು 'ಮೈಕೈ ತುಂಬಿಕೊಂಡಿದ್ದೀ' ಎಂದರೆ ಅದು ಹರಕೆ. 'ಸೊರಗೀದಿ' ಎಂದರೆ ಅದು ಮರುಕ. ಕಾವ್ಯದ ನಾಯಿಕೆಯು ಯಾರಿಗೂ ನನ್ನಂತಾಗೆಂದು ಅಪ್ಪಣೆ ಕೊಡಲಿಲ್ಲ. ಕಿನ್ನಾಳದ ಚಿತ್ರಗಾರರು ಕಡೆದು ಬಣ್ಣವಿಟ್ಟ ಗೊಂಬೆಯನ್ನು ಜನರು ಪೂಜಿಸಿದರು, ಮೆಚ್ಚಿದರು. ಅದರ ಅಳತೆಗೆ ತಮ್ಮ ಮೈಯನ್ನು ಹಿಡಿಯಲಿಲ್ಲ.

ಅಳತೆಯು ಬಂದದ್ದು ತೀರ ಈಚೆಗೆ. 1994ರಲ್ಲಿ ವಿಶ್ವಸುಂದರಿ, ಭುವನಸುಂದರಿ ಎಂಬೆರಡು ಪದವಿಗಳೂ ಭಾರತದ ಕನ್ಯೆಯರಿಗೆ ದೊರೆತವು. 1996ರ ನವೆಂಬರ 23ರಂದು ಬೆಂಗಳೂರಿನಲ್ಲಿಯೇ ವಿಶ್ವಸುಂದರಿಯ ಸ್ಪರ್ಧೆಯು ಜರುಗಿತು. ಮಹಿಳಾ ಸಂಘಗಳೂ ರೈತಸಂಘದವರೂ ಅದನ್ನು ಪ್ರತಿಭಟಿಸಿದರು. ಈಜುಡುಗೆಯ ಭಾಗವನ್ನು ಸೇಶೆಲ್ಸ್ ದ್ವೀಪಗಳಲ್ಲಿ ನಡೆಯಿಸಬೇಕಾಯಿತು. ಸ್ಪರ್ಧೆಯು ಒಂದೇ ರಾತ್ರಿಯಲ್ಲಿ ಮುಗಿಯಿತು. ಹೆಣ್ಣಿನ ಮೈಗೆ ಅಂಕ ಹಾಕುವ ಪರಿಪಾಠವು ಮಾತ್ರ ಜಾಹೀರಾತುಗಳೊಡನೆ ಉಳಿಯಿತು.

ಚಿತ್ರದ ಶಕ್ತಿಯೆಷ್ಟೆಂಬುದಕ್ಕೆ ಫಿಜಿ ದ್ವೀಪಗಳ ನಿದರ್ಶನವು ಸಾಲುವದು. ಅಲ್ಲಿಯೂ ತುಂಬಿದ ಮೈಗೆ ಮನ್ನಣೆಯಿತ್ತು. ನಾಡ್ರೋಗಾ ಎಂಬ ಪ್ರಾಂತಕ್ಕೆ 1995ರಲ್ಲಿ ಟೆಲಿವಿಜನ್ ಬಂದಿತು. ಆ್ಯನ್ ಬೆಕರ್ ಎಂಬ ಅಮೇರಿಕದ ವಿದುಷಿಯು ಆಗ ಶಾಲೆಯ ಹುಡುಗಿಯರನ್ನು ವಿಚಾರಿಸಿದಾಗ, ತೂಕವಿಳಿಸಲೆಂದು ಉಂಡದ್ದನ್ನು ಕಕ್ಕುವವರು ಒಬ್ಬರೂ ಇರಲಿಲ್ಲ. 1998ರಲ್ಲಿ ನೂರಕ್ಕೆ 11.3ರಷ್ಟು ಇದ್ದರು.

ಆದರೂ ತಪ್ಪೆಲ್ಲವನ್ನೂ ಪರದೆಯ ಮೇಲೆ ಹೊರಿಸಲಾಗದು. ಲಂಡನ್ನಿನ ವೈದ್ಯ ವಿಲಿಯಂ ಗಲ್ ಎಂಬವನು ಈ ವ್ಯಾಧಿಯನ್ನು ವಿವರಿಸಿದ್ದು 1873ರಲ್ಲಿ. ಆಗ ಸಿನೆಮಾ ಕೂಡ ಹುಟ್ಟಿರಲಿಲ್ಲ. ವಂಶ, ಸ್ವಭಾವ, ಮನೆಯ ಮಾತು, ಇವೆಲ್ಲವೂ ಕೂಡಿ ರೋಗವಾಗುತ್ತದೆ. ಮನೆಯ ಮಾತೆಂದೆವು. 'ಇಷ್ಟು ದಪ್ಪಗಾದರೆ ವರ ಸಿಕ್ಕಾನೆ?' ಎಂಬ ನಗೆಚಾಟಿಕೆಯನ್ನು ಆಡುವವರು ಬಂಧುಗಳೇ ಹೊರತು ಚಿತ್ರನಟರಲ್ಲ. ಪರದೆಯು ಬೀಜ ಬಿತ್ತಿದರೆ ನಾವು ನೀರೆರೆಯುತ್ತೇವೆ.

ಈಗ ಆ ಪರದೆಯು ಅಂಗೈಯೊಳಗಿದೆ. ತಿದ್ದಿದ ಮುಖಗಳನ್ನು ಕ್ಷಣಕ್ಷಣಕ್ಕೂ ತೋರುತ್ತದೆ. ಊಟ ಬಿಟ್ಟು ಸೊರಗುವ ಮಗುವನ್ನು ಹಟಮಾರಿಯೆಂದು ಗದರುವದಾಗಲಿ, ವ್ರತನಿಷ್ಠೆಯೆಂದು ಮೆಚ್ಚುವದಾಗಲಿ ಸಲ್ಲದು. ಇದು ಪ್ರಾಣಕ್ಕೆ ಎರವಾಗಬಲ್ಲ ರೋಗವೆಂದು ತಿಳಿದು ಬೇಗನೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೊಪಣದ ಉಪವಾಸಕ್ಕೆ ಕಲ್ಲಿನ ಸಾಕ್ಷಿಯಿತ್ತು. ಈ ಗುಟ್ಟಿನ ಉಪವಾಸಕ್ಕೆ ಮನೆಯವರ ಕಣ್ಣುಗಳೇ ಸಾಕ್ಷಿಯಾಗಬೇಕು.