ನೆಲಕ್ಕೆ ಬಳಿದ ಅರಗು

ಅರಗು ಎಂದರೆ ನಮಗೆ ನೆನಪಾಗುವುದು ಪಾಂಡವರ ಅರಗಿನ ಮನೆ, ಇಲ್ಲವೇ ಚನ್ನಪಟ್ಟಣದ ಬೊಂಬೆ. ಅದೇ ಅರಗು ಒಂದು ಕಾಲಕ್ಕೆ ಅಮೆರಿಕ, ಇಂಗ್ಲೆಂಡಿನ ಮನೆಗಳ ಮರದ ನೆಲಕ್ಕೂ ಹೊಳಪು ಕೊಡುತ್ತಿತ್ತು ಎಂದರೆ ನಂಬುತ್ತೀರಾ? ಮೂವತ್ತು ವರ್ಷದಿಂದ ಮುಂಬಯಿಯಲ್ಲಿರುವ ನನಗೆ ಈ ಕುತೂಹಲ ಹತ್ತಿಸಿದವರು ಇಲ್ಲಿನ ಪಾಲಿಶ್‌ವಾಲಾಗಳು. ಸ್ಪಿರಿಟ್‌ನಲ್ಲಿ ಚಪಡಾ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಅದ್ದಿ ಬಾಗಿಲು, ಕುರ್ಚಿ ಉಜ್ಜುವುದನ್ನು ನೋಡುತ್ತಾ ನಿಲ್ಲುವುದು ನನ್ನ ಹಳೇ ಚಟ.

ಚಪಡಾ ಎಂದರೆ ಶುದ್ಧ ಮಾಡಿದ ಅರಗಿನ ತೆಳು ಚಕ್ಕೆ. ಇಂಗ್ಲಿಷರ ಬಾಯಲ್ಲಿ ಶೆಲ್ಯಾಕ್. ಮುತ್ತುಗ, ಬೋರೆ, ಕುಸುಮ್ ಮರಗಳ ರೆಂಬೆಗೆ ಅಂಟಿಕೊಂಡು ಬದುಕುವ ಪುಟ್ಟ ಕೀಟ ಸ್ರವಿಸುವ ಅಂಟು. ಛೋಟಾ ನಾಗಪುರದ ಕಾಡುಗಳಲ್ಲಿ ಆದಿವಾಸಿಗಳು ಬಿಡಿಸಿದ ಅರಗು ಕಲ್ಕತ್ತದಲ್ಲಿ ಹಡಗು ಹತ್ತುತ್ತಿತ್ತು. ಇದಕ್ಕೆಂದೇ 1924ರಲ್ಲಿ ರಾಂಚಿ ಪಕ್ಕದ ನಾಮ್‌ಕುಮ್‌ನಲ್ಲಿ ಸಂಶೋಧನಾ ಸಂಸ್ಥೆ ಹುಟ್ಟಿತು.

ಸವೆದ ನೆಲಕ್ಕೆ ಅರಗಿನಂಥ ಗೆಳೆಯ ಇನ್ನೊಬ್ಬನಿಲ್ಲ. ಹೊಸ ಕೋಟಿನ ಸ್ಪಿರಿಟ್ ಹಳೇ ಕೋಟನ್ನು ಕೊಂಚ ಕರಗಿಸಿ, ಎರಡೂ ಒಂದಾಗುತ್ತವೆ. ಕಾಲು ಓಡಾಡಿ ಮಾಸಿದ ಜಾಗಕ್ಕಷ್ಟೇ ಬಳಿದರೂ ನಡೆಯುತ್ತದೆ. ದೋಷವೂ ಉಂಟು: ನೀರು ನಿಂತರೆ ಬಿಳಿ ಕಲೆ, ಮದ್ಯ ಚೆಲ್ಲಿದರೆ ಅಂಟಂಟು.

ಎರಡನೇ ಮಹಾಯುದ್ಧ ಬಂತು. 1942ರಲ್ಲಿ ಅಮೆರಿಕ ಸರ್ಕಾರ ಶೆಲ್ಯಾಕ್ ಬಳಕೆಗೆ ಕಡಿವಾಣ ಹಾಕಿತು. ಅತ್ತ ಜರ್ಮನಿಯಲ್ಲಿ ಆಟ್ಟೋ ಬೇಯರ್ ಮತ್ತು ಸಂಗಡಿಗರು 1937ರಲ್ಲೇ ಪಾಲಿಯುರೆಥೇನ್ ಕಂಡುಹಿಡಿದಿದ್ದರು. ಯುದ್ಧ ಮುಗಿದ ಮೇಲಿನ ದಶಕಗಳಲ್ಲಿ ಅದರ ವಾರ್ನಿಶ್ ನೆಲಗಳನ್ನು ಆಕ್ರಮಿಸಿತು. ಗಟ್ಟಿ, ನೀರಿಗೆ ಜಗ್ಗದು. ಆದರೆ ಹಳೇ ಕೋಟು ಹೊಸದರಲ್ಲಿ ಕರಗುವುದಿಲ್ಲ. ಹೊಸದು ಹಿಡಿಯಬೇಕಾದರೆ ಮೇಲ್ಮೈಯನ್ನೆಲ್ಲ ಹಗುರಾಗಿ ಉಜ್ಜಿ ಒರಟು ಮಾಡಬೇಕು. ಮರವೇ ಕಾಣುವಷ್ಟು ಸವೆದಿದ್ದರೆ ಯಂತ್ರದಿಂದ ಪೂರ್ತಿ ಕೆರೆಯಬೇಕು. ಕೆರೆದಷ್ಟೂ ಮರ ಹೋಗುತ್ತದೆ. ನೆಲದ ಆಯುಸ್ಸು ಅಲ್ಲಿಗೆ ಎಣಿಕೆಗೆ ಬಿತ್ತು.

ಹಳೇ ಮುಂಬಯಿಯ ಕಟ್ಟಡಗಳಲ್ಲಿ ಸಾಗವಾನಿ ಹಲಗೆಯ ನೆಲ, ಮೆಟ್ಟಿಲು ಇನ್ನೂ ಅಲ್ಲಲ್ಲಿ ಉಳಿದಿವೆ. ನಿಮ್ಮ ಮನೆಯಲ್ಲೂ ಇದ್ದರೆ, ಯಂತ್ರದವನನ್ನು ಕರೆಯುವ ಮೊದಲು ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಬಿಟ್ಟು ನೋಡಿ. ಒಂದೆರಡು ನಿಮಿಷದಲ್ಲಿ ಮೆತ್ತಗಾಗಿ ಅಂಟಿದರೆ ಬಹುಮಟ್ಟಿಗೆ ಅರಗೇ. ಮೇಣ ಬಳಿದಿದ್ದರೆ ಮೊದಲು ಅದನ್ನು ತೆಗೆಯಿರಿ. ಇಲ್ಲವಾದರೆ ಹೊಸ ಕೋಟು ಸರಿಯಾಗಿ ಹಿಡಿಯದು.

ನೂರು ವರ್ಷ ಬಾಳಿದ ಮರವನ್ನು ಒಂದು ಮಧ್ಯಾಹ್ನದಲ್ಲಿ ಕೆರೆದು ಹಾಕುವುದು ಸುಲಭ. ಅದನ್ನು ಮತ್ತೆ ಹಚ್ಚುವ ಪಾಲಿಶ್ ಮಾತ್ರ ಯಾರೂ ಕಂಡುಹಿಡಿದಿಲ್ಲ, ಏನಂತೀರಿ?