ಮೂರನೆಯ ತರಗತಿಯ ಪ್ರಯಾಣಿಕ

ದಾರಿಗನಿಗೆ ನೆರಳನ್ನೂ ನೀರನ್ನೂ ಒದಗಿಸುವುದು ಭಾರತದಲ್ಲಿ ಬಹು ಪ್ರಾಚೀನವಾದ ಧರ್ಮವು. ಅಶೋಕ ಚಕ್ರವರ್ತಿಯು ಹೆದ್ದಾರಿಗಳ ಪಕ್ಕದಲ್ಲಿ ಆಲದ ಮರಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿ, ತಂಗುದಾಣಗಳನ್ನು ಕಟ್ಟಿಸಿದ ಸಂಗತಿಯು ಅವನ ಸ್ತಂಭಶಾಸನದಲ್ಲಿಯೇ ಉಕ್ತವಾಗಿದೆ. ಕನ್ನಡನಾಡಿನ ಅರವಟ್ಟಿಗೆ, ಛತ್ರ, ಸಾಲುಮರಗಳು ಅದೇ ಧರ್ಮದ ಕೊಂಬೆಗಳು. ಛತ್ರಗಳಲ್ಲಿ ಜಾತಿಯನ್ನು ವಿಚಾರಿಸುವ ದೋಷವಿದ್ದಿತೆಂಬುದನ್ನು ಮರೆಮಾಚಲಾಗದು. ಆದರೂ ಕಾಲ್ನಡಿಗೆಯಲ್ಲಿ ಹೋಗುವವನ ಪಯಣವು ಕೈಯಲ್ಲಿ ಕಾಸಿಲ್ಲವೆಂಬ ಒಂದೇ ಕಾರಣದಿಂದ ನಿಲ್ಲುತ್ತಿರಲಿಲ್ಲ. ಉಗಿಬಂಡಿಯು ಬಂದ ಮೇಲೆ ಮಾರ್ಗಕ್ಕೆ ಬೆಲೆ ಹುಟ್ಟಿತು. ಬೆಲೆಯೊಡನೆ ತರಗತಿಗಳೂ ಹುಟ್ಟಿದುವು.

ಉಗಿಬಂಡಿಯ ತೌರೂರಾದ ಇಂಗ್ಲೆಂಡಿನಲ್ಲಿ ಮೊದಮೊದಲು ಬಡವರನ್ನು ಸಾಗಿಸುತ್ತಿದ್ದುದು ಮಾಡಿಲ್ಲದ, ತಗ್ಗಾದ ಪಕ್ಕಗಳುಳ್ಳ ಬಂಡಿಗಳಲ್ಲಿ. ಸರಕಿನ ಗಾಡಿಗಳ ಜೊತೆಯಲ್ಲಿಯೇ ಅವುಗಳನ್ನು ಕಟ್ಟುತ್ತಿದ್ದರು. 1841ನೆಯ ಇಸವಿ ಡಿಸೆಂಬರ್ 24ರಂದು, ಇನ್ನೂ ಬೆಳಕು ಹರಿಯುವುದಕ್ಕೆ ಮೊದಲು, ಲಂಡನ್ನಿನಿಂದ ಹೊರಟ ಅಂತಹ ಒಂದು ಬಂಡಿಯು ಸಾನಿಂಗ್ ಎಂಬಲ್ಲಿ, ಮಳೆಯಿಂದ ಕುಸಿದ ಮಣ್ಣಿಗೆ ಢಿಕ್ಕಿ ಹೊಡೆಯಿತು. ಹಿಂದಿನ ಸರಕುಗಾಡಿಗಳ ಒತ್ತಡಕ್ಕೆ ಸಿಕ್ಕಿ ಪ್ರಯಾಣಿಕರು ಹೊರಕ್ಕೆ ಎಸೆಯಲ್ಪಟ್ಟರು. ಒಂಬತ್ತು ಮಂದಿ ಅಸುನೀಗಿದರು. ಅವರಲ್ಲಿ ಹೆಚ್ಚಿನವರು ಪಾರ್ಲಿಮೆಂಟಿನ ನೂತನ ಭವನವನ್ನು ಕಟ್ಟುತ್ತಿದ್ದ ಕಲ್ಲುಕುಟಿಗರು. ಕ್ರಿಸ್ತಜಯಂತಿಗೆಂದು ತಮ್ಮ ಊರುಗಳಿಗೆ ಹೊರಟಿದ್ದವರು.

ಆ ಪಾರ್ಲಿಮೆಂಟೇ 1844ರಲ್ಲಿ, ಗ್ಲ್ಯಾಡ್‌ಸ್ಟನ್ ಮಹಾಶಯನ ಪ್ರಯತ್ನದಿಂದ, ಒಂದು ಕಾನೂನನ್ನು ಮಾಡಿತು. ಹೊಸ ಕಂಪೆನಿಗಳು ದಿನಕ್ಕೊಂದಾದರೂ ಅಗ್ಗದ ಬಂಡಿಯನ್ನು ಓಡಿಸತಕ್ಕದ್ದು; ಅದಕ್ಕೆ ಮಾಡೂ ಆಸನಗಳೂ ಇರತಕ್ಕದ್ದು; ಅದು ಎಲ್ಲಾ ನಿಲ್ದಾಣಗಳಲ್ಲಿಯೂ ನಿಲ್ಲತಕ್ಕದ್ದು; ಗಂಟೆಗೆ 12 ಮೈಲಿಗೆ ಕಡಮೆಯಾಗದ ವೇಗವಿರತಕ್ಕದ್ದು; ಮೈಲಿಗೆ ಒಂದು ಪೆನ್ನಿಗಿಂತ ಹೆಚ್ಚು ದರವನ್ನು ವಸೂಲು ಮಾಡಕೂಡದು. ಹಲವು ಕಂಪೆನಿಗಳು ಗೊಣಗುತ್ತ, ಯಾರಿಗೂ ಅನುಕೂಲವಲ್ಲದ ವೇಳೆಯಲ್ಲಿ ಆ ಬಂಡಿಯನ್ನು ಬಿಟ್ಟುವು. ಆದರೆ ಕಾಲಕ್ರಮದಲ್ಲಿ ಬಡವರ ಕಾಸುಗಳೇ ಒಟ್ಟುಗೂಡಿ ದೊಡ್ಡ ಆದಾಯವಾಗುವುದೆಂಬ ಲೆಕ್ಕವು ಅವುಗಳಿಗೆ ತಿಳಿಯಿತು. 1872ರಲ್ಲಿ ಮಿಡ್‌ಲೆಂಡ್ ಕಂಪೆನಿಯು ತನ್ನ ಎಲ್ಲಾ ಬಂಡಿಗಳಲ್ಲಿಯೂ ಮೂರನೆಯ ತರಗತಿಯವರಿಗೆ ಪ್ರವೇಶವನ್ನು ಕೊಟ್ಟಿತು. ದಯೆಯು ಮಾಡದಿದ್ದುದನ್ನು ಮೊದಲು ಕಾನೂನೂ ಆಮೇಲೆ ಲಾಭವೂ ಮಾಡಿದುವು.

ಭರತಖಂಡದಲ್ಲಿ 1853ನೆಯ ಏಪ್ರಿಲ್ 16ರಂದು ಬೊಂಬಾಯಿಯಿಂದ ಠಾಣೆಗೆ ಮೊದಲನೆಯ ಪ್ರಯಾಣಿಕರ ಬಂಡಿಯು ಓಡಿತು. ಈ ದೇಶದ ಬಡಜನರು, ಅದರಲ್ಲಿಯೂ ಜಾತಿಮತಗಳ ಕಟ್ಟಿಗೆ ಒಳಗಾದವರು, ಒಂದೇ ಡಬ್ಬಿಯಲ್ಲಿ ಕುಳಿತು ಪ್ರಯಾಣ ಮಾಡುವರೇ ಎಂದು ಸಂಶಯಪಟ್ಟವರಿದ್ದರು. ಸಂಶಯವು ಸುಳ್ಳಾಯಿತು. ಮೂರನೆಯ ತರಗತಿಯು ಕಿಕ್ಕಿರಿದು ತುಂಬಿತು. ಪ್ರಯಾಣಿಕರಿಂದ ಬರುವ ಉತ್ಪನ್ನದ ಬಹುಭಾಗವು ಅದರಿಂದಲೇ ಒದಗಿತು. ಮೈಸೂರು ಸೀಮೆಯಲ್ಲಿ ಈ ಸಂಬಂಧವು ಇನ್ನೂ ಹೃದಯವಿದ್ರಾವಕವಾದುದು. ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮದಲ್ಲಿ, ಎಂದರೆ 1876ರಿಂದ 78ರ ವರೆಗೆ, ಹಸಿದವರಿಗೆ ಕೂಲಿ ಕೊಡುವ ಸಲುವಾಗಿ ಬೆಂಗಳೂರು ಮೈಸೂರು ಮಾರ್ಗದ ಮಣ್ಣಿನ ಕೆಲಸವು ಆರಂಭವಾಯಿತು. 1882ರಲ್ಲಿ ಬಂಡಿಯು ಮೈಸೂರನ್ನು ಮುಟ್ಟಿತು. ಹಸಿದ ಹೊಟ್ಟೆಯಲ್ಲಿ ಮಣ್ಣು ಹೊತ್ತ ಕುಲದವರಿಗೆ ಆ ಬಂಡಿಯಲ್ಲಿ ದಕ್ಕಬಹುದಾಗಿದ್ದುದು ಕಟ್ಟಕಡೆಯ ತರಗತಿಯೇ.

ಆ ತರಗತಿಯ ಕಷ್ಟವನ್ನು ದೇಶದ ಕಣ್ಣಿಗೆ ತಂದವರು ಗಾಂಧೀಜಿಯವರು. 1917ರಲ್ಲಿ ಬೊಂಬಾಯಿಯಿಂದ ಮದರಾಸಿಗೆ 13 ರೂಪಾಯಿ 9 ಆಣೆಗಳನ್ನು ತೆತ್ತು ಅವರು ಮೂರನೆಯ ತರಗತಿಯಲ್ಲಿ ಪ್ರಯಾಣ ಮಾಡಿದರು. 22 ಜನರಿಗೆಂದು ಬರೆದಿದ್ದ ಡಬ್ಬಿಯಲ್ಲಿ ಮಲಗಲು ಸ್ಥಳವಿರಲಿಲ್ಲ. ದಾರಿಯಲ್ಲಿ ಎರಡು ರಾತ್ರಿಗಳನ್ನು ಕಳೆಯಬೇಕಾಗಿದ್ದಿತು. ರಾಯಚೂರನ್ನು ದಾಟಿದ ಮೇಲಂತೂ ಇಕ್ಕಟ್ಟು ಸಹಿಸಲಸಾಧ್ಯವಾಯಿತು. ಬಹುದೂರದ ವರೆಗೆ 35ರಷ್ಟು ಮಂದಿ ಅದರಲ್ಲಿದ್ದು, ಕೆಲವರು ಕಸದ ನಡುವೆ ನೆಲದ ಮೇಲೆ ಮಲಗಿದರು, ಕೆಲವರು ನಿಂತೇ ಇದ್ದರು. ಮೊದಲನೆಯ ತರಗತಿಯ ದರವು ಇದರ ಸುಮಾರು ಐದರಷ್ಟು. ಐದರಲ್ಲೊಂದು ಪಾಲು ಹಣವನ್ನು ಕೊಟ್ಟವನಿಗೆ ಸೌಕರ್ಯದಲ್ಲಿ ಹತ್ತರಲ್ಲೊಂದು ಪಾಲಾದರೂ ದೊರೆಯಿತೇ ಎಂಬುದು ಅವರ ಪ್ರಶ್ನೆ. ವೈಸರಾಯರೂ ಮಹಾರಾಜರೂ ಮುನ್ಸೂಚನೆ ಕೊಡದೆ ಆಗಾಗ ಮೂರನೆಯ ತರಗತಿಯಲ್ಲಿ ಪ್ರಯಾಣ ಮಾಡಿ ನೋಡಲಿ ಎಂಬುದೇ ಅವರು ಹೇಳಿದ ಔಷಧ.

ಸ್ವಾತಂತ್ರ್ಯಾನಂತರ ಬದಲಾವಣೆಗಳು ಮೆಲ್ಲಮೆಲ್ಲನೆ ಬಂದುವು. 1974ರಲ್ಲಿ ಮೂರನೆಯ ತರಗತಿಯೆಂಬ ಹೆಸರು ಅಳಿದು ಅದು ಎರಡನೆಯದೆನಿಸಿತು. ಹೆಸರು ಏರಿದರೂ ಹಲಗೆಯು ಹಲಗೆಯಾಗಿಯೇ ಇದ್ದಿತು. ಮಧು ದಂಡವತೆಯವರು ರೈಲ್ವೆ ಮಂತ್ರಿಗಳಾಗಿದ್ದಾಗ, 1977ರ ಡಿಸೆಂಬರಿನಲ್ಲಿ, ತರಗತಿಭೇದವಿಲ್ಲದ ಗೀತಾಂಜಲಿ ಎಕ್ಸ್‌ಪ್ರೆಸ್ಸು ಹೊರಟಿತು. ಎರಡನೆಯ ತರಗತಿಯ ಮರದ ಹಲಗೆಗಳಿಗೆ ಮೆತ್ತೆ ಹಾಕಿಸುವ ಕಾರ್ಯವೂ ಅವರ ಕಾಲದಲ್ಲಿಯೇ ಮೊದಲಾಯಿತು.

ಕರ್ನಾಟಕದಲ್ಲಿ 2023ನೆಯ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಈ ಚರಿತ್ರೆಯ ಮತ್ತೊಂದು ಮೆಟ್ಟಿಲು. ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ನಾಡಿನ ಸ್ತ್ರೀಯರಿಗೆ ಟಿಕೇಟಿನ ಹಣವೇ ಇಲ್ಲವಾಯಿತು. ಕೂಲಿಯ ಒಂದಂಶವನ್ನು ದಿನದಿನವೂ ಬಸ್ಸಿಗೆ ತೆರುತ್ತಿದ್ದವಳಿಗೆ ಇದು ಅಲ್ಪವಾದ ಉಪಕಾರವಲ್ಲ. ಆದರೆ ಅದಕ್ಕೆ ಈ ರಾಜ್ಯದ ವಾಸಸ್ಥಳವನ್ನು ತೋರಿಸುವ ಗುರುತಿನ ಚೀಟಿಯು ಬೇಕು. ಮನೆಯುಳ್ಳವಳಿಗೆ ಅದು ಸುಲಭ. ಬಸ್ ನಿಲ್ದಾಣದ ಕಟ್ಟೆಯ ಮೇಲೆಯೇ ರಾತ್ರಿಯನ್ನು ಕಳೆಯುವವಳು ಯಾವ ವಿಳಾಸವನ್ನು ತೋರಿಸಿಯಾಳು?

ಸಾನಿಂಗಿನ ಕಲ್ಲುಕುಟಿಗರಿಂದ ಹಿಡಿದು ಇಂದಿನ ವರೆಗೆ ಈ ಚರಿತ್ರೆಯು ತಿಳಿಸುವುದಿಷ್ಟೆ: ಕಟ್ಟಕಡೆಯ ಪ್ರಯಾಣಿಕನಿಗೆ ಸ್ಥಳವು ತಾನಾಗಿ ದೊರೆತುದಿಲ್ಲ, ಇಂತಿಷ್ಟಾದರೂ ಕೊಡತಕ್ಕದ್ದೆಂದು ಯಾರೋ ಬರೆದಿಟ್ಟಾಗಲೇ ದೊರೆತಿದೆ. ಹಾಗೆ ಬರೆಯುವವರು ಪ್ರತಿಸಲವೂ, ಈ ಬರಹದಿಂದ ಹೊರಗುಳಿದವರು ಯಾರು ಎಂದು ಒಮ್ಮೆ ಹುಡುಕಿ ನೋಡುವುದು ಅವಶ್ಯ. ಅರವಟ್ಟಿಗೆಯ ಮುಂದೆ ನಿಂತ ಬಾಯಾರಿದವನು ತನ್ನ ಮನೆಯೆಲ್ಲಿದೆಯೆಂದು ಸಾಧಿಸಿ ತೋರಿಸಬೇಕಾಗಿರಲಿಲ್ಲ.